ತಾಂಡೇಲ ನೋಡದ ಎರಡನೇ ಸಿಡಿ

ಆ ಸಿನಿಮಾವನ್ನು ಬಾಡಿಗೆಗೆ ಒಯ್ದ ಮೊದಲ ಗಿರಾಕಿ, ಮರುದಿನ ನಾನು ಅಂಗಡಿಯ ಶಟರನ್ನು ಅರ್ಧ ಎತ್ತುವುದರೊಳಗೆ ಬಗ್ಗಿ ಒಳಗೆ ನುಗ್ಗಿ, ಸಿಡಿಗಳನ್ನು ಮೇಜಿನ ಮೇಲೆ ಕುಕ್ಕಿದ.

“ನಿನ್ನ ಸಿಡಿ ಹಾಳಾಗ್ಯದೆ ಮಾರಾಯಾ. ಆ ಹುಡ್ಗಿ ಎದ್ದದ್ದೇ ಏಳ್ತದೆ, ಚಾ ಚೆಲ್ಲಿದ್ದೇ ಚೆಲ್ತದೆ, ಸತ್ತದ್ದೇ ಸಾಯ್ತದೆ. ಕತೆ ಮುಂದೆ ಹೋಗೂದೇ ಇಲ್ಲ.”

ನಾನು ವೈದ್ಯರ ಗಾಂಭೀರ್ಯದಿಂದ ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಗೀರು ಕಾಣಲಿಲ್ಲ. ಆದರೂ “ಸಣ್ಣ ಗೀರು ಅದೆ” ಎಂದೆ. ಗಿರಾಕಿ ಹೇಳಿದ್ದನ್ನು ಪೂರಾ ಅಲ್ಲಗಳೆಯಬಾರದು, ಪೂರಾ ಒಪ್ಪಲೂಬಾರದು. ವ್ಯಾಪಾರಕ್ಕೆ ಇಳಿಯುವ ಯಾರೇ ಆಗಲಿ ಇದನ್ನು ಮೊದಲು ಕಲಿಯಬೇಕು. ಟೂತ್‌ಪೇಸ್ಟ್ ಹಚ್ಚಿ, ಹಳೆ ಪಂಚೆಯ ತುಂಡಿನಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಇನ್ನೊಬ್ಬರಿಗೆ ಕೊಟ್ಟೆ. ಅವರೂ ಅದೇ ದೂರು ತಂದರು. ಅವರ ಹಿಂದೆ ಬಂದ ಮಾಸ್ತರರೊಬ್ಬರು ಸಿಡಿಯ ಮೇಲೆ ಅನುಮಾನವನ್ನೇ ಪಡದೆ, ತಮ್ಮ ಹೊಸ ಪ್ಲೇಯರನ್ನು ಬಿಚ್ಚಿಸಿ ರಿಪೇರಿಯವನ ಮುಂದೆ ಹರಡಿ ಕೂತಿದ್ದರಂತೆ.

ಆಗ ನನಗೆ ಹೊಳೆಯಿತು. ಎಲ್ಲರ ಮನೆಯಲ್ಲೂ ಅದೇ ಹುಡುಗಿ ಅದೇ ಜಾಗದಲ್ಲಿ ಅದೇ ಚಹಾ ಚೆಲ್ಲುತ್ತಾಳೆಂದರೆ ತಪ್ಪು ಸಿಡಿಯದ್ದಲ್ಲ, ಕತೆ ಇರುವುದೇ ಹಾಗೆ.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ಮಳೆಗಾಲ ಕಳೆದಿದ್ದ ಕಾಲ. ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸಿಡಿ ಲೈಬ್ರರಿ ಇತ್ತು. ಬೋರ್ಡಿನಲ್ಲಿ ಲೈಬ್ರರಿ ಎಂಬುದನ್ನು ನೋಡಿ ಪುಸ್ತಕ ಕೇಳಿಕೊಂಡು ಬಂದವರೂ ಉಂಟು. ಅವರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ ನಾನು. ಅದಕ್ಕೆ ಮೊದಲು ಕುಮಟೆಯ ಸಂತೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಬಾಚಣಿಗೆ, ಪಿನ್ನು, ಹಾಡಿನ ಕ್ಯಾಸೆಟ್ಟು ಮಾರುತ್ತಿದ್ದೆ. ಚೌಕಾಸಿ ಮಾಡುವುದನ್ನು ಕಲಿತದ್ದು ಅಲ್ಲೇ, ಪಕ್ಕದಲ್ಲಿ ಕೂರುತ್ತಿದ್ದ ಮೀನಿನ ಹೆಂಗಸರನ್ನು ನೋಡಿ. ಅವರು ಬೆಲೆಯನ್ನು ಒಂದು ಸಲ ಹೇಳಿ ಆಮೇಲೆ ಬಾಯಿ ಮುಚ್ಚಿಕೊಂಡು ಮೀನಿಗೆ ನೀರು ಚಿಮುಕಿಸುತ್ತ ಕೂರುತ್ತಿದ್ದರು. ಗಿರಾಕಿ ಏನು ಬೇಕಾದರೂ ಹೇಳಲಿ, ನೀರು ಚಿಮುಕಿಸುವುದು ನಿಲ್ಲುತ್ತಿರಲಿಲ್ಲ. ಮೌನ ತಾಳಲಾರದೆ ಮೊದಲು ಬಾಯಿ ಬಿಟ್ಟವನು ಸೋತ. ಈ ವಿದ್ಯೆ ಮುಂದೆ ಈ ಕತೆಯಲ್ಲೇ ಉಪಯೋಗಕ್ಕೆ ಬರಲಿದೆ, ನೆನಪಿರಲಿ.

ಸಿಡಿ ಖರೀದಿಗೆ ಭಟ್ಕಳಕ್ಕೆ ಹೋಗುತ್ತಿದ್ದೆ. ಅಲ್ಲಿಯ ಪೇಟೆಯಲ್ಲಿ ದುಬೈ ಸೆಂಟು, ಟಾರ್ಚು, ಗಡಿಯಾರಗಳ ನಡುವೆ ಸಿಡಿಗಳ ರಾಶಿ. ಆ ದಿನ ನಾನು ಬೇಕಾದದ್ದನ್ನೆಲ್ಲ ಆರಿಸಿ, ದರ ಇಳಿಸಿ, ಎದ್ದು ಬಾಗಿಲವರೆಗೆ ಹೋಗಿ, ಕರೆಸಿಕೊಂಡು, ಮತ್ತೆ ಕೂತು, ಎಲ್ಲ ಶಾಸ್ತ್ರ ಮುಗಿಸಿದ ಮೇಲೆ ಕೊಸರು ಕೇಳಿದೆ.

“ಅರೇ ಭಾಯ್, ಇಷ್ಟು ಇಳ್ಸಿದ್ ಮೇಲೆ ಕೊಸ್ರು ಬೇರೆ? ಅಂಗಡೀನೇ ಹೊತ್ಕೊಂಡು ಹೋಗಿ!”

“ಅಂಗಡಿ ಬೇಡ, ಹೊರೂಕೆ ಭಾರ. ಅಡಿಯಲ್ಲಿ ಎಂತ ಅದೆ ನೋಡಿ, ಅದನ್ನ ಕೊಡಿ.”

ರಾಶಿಯ ಅಡಿಯಿಂದ ಎಳೆದು ಕೊಟ್ಟದ್ದೇ ಈ ಸಿನಿಮಾ. ಎರಡು ಸಿಡಿ, ಹಿಂದಿಗೆ ಡಬ್ ಆದದ್ದು. ಹೆಸರು ಹೇಳುವಂತಿಲ್ಲ, ಯಾಕೆಂದರೆ ಕವರಿನ ಮೇಲಿದ್ದ ಹೆಸರೇ ಬೇರೆ ಯಾವುದೋ ಚಿತ್ರದ್ದು. ಊರಲ್ಲಿ ಅದು ‘ಎದ್ದದ್ದೇ ಏಳೂ ಸಿನಿಮಾ’ ಎಂದೇ ಪ್ರಸಿದ್ಧವಾಯಿತು.

ಕತೆ ಇಷ್ಟೇ. ಶ್ರೀಮಂತರ ಮನೆಯ ಹುಡುಗಿಯೊಬ್ಬಳು ಕೆರೆಯ ದಂಡೆಯ ದೊಡ್ಡ ಮನೆಯೊಂದಕ್ಕೆ ಬಂದಿದ್ದಾಳೆ. ಬೆಳಿಗ್ಗೆ ಇಗರ್ಜಿಯ ಗಂಟೆ ಹೊಡೆಯುತ್ತದೆ, ಎಚ್ಚರಾಗುತ್ತದೆ. ಕೆಮ್ಮುತ್ತಿರುವ ಮುದಿ ಅಡುಗೆಯವನು ಚಹಾ ತರುತ್ತಾನೆ. ಅವಳು ಅವನ ಮುಖವನ್ನೂ ನೋಡದೆ, ಆರಿದೆ ಎಂದು ಬೈದು ಚಹಾ ಚೆಲ್ಲುತ್ತಾಳೆ. ಸಂಜೆ ಮುಖಕ್ಕೆ ಗೋಣಿ ಸುತ್ತಿಕೊಂಡವನೊಬ್ಬ ಕೊಡಲಿ ಹಿಡಿದು ಬಂದು ಅವಳನ್ನು ಮುಗಿಸುತ್ತಾನೆ. ಮತ್ತೆ ಗಂಟೆ, ಮತ್ತೆ ಅದೇ ಬೆಳಗು, ಮತ್ತೆ ಅದೇ ಚಹಾ. ನಡೆದದ್ದೆಲ್ಲ ಅವಳಿಗೊಬ್ಬಳಿಗೇ ನೆನಪು. ಹಿಂದಿ ಬಾರದಿದ್ದರೂ ಅಡ್ಡಿಯಿಲ್ಲ, ಕೊಡಲಿಗೆ ಭಾಷೆ ಬೇಡ.

ಮೊದಲನೇ ಸಿಡಿಯ ತುಂಬ ಅವಳು ತಪ್ಪಿಸಿಕೊಳ್ಳಲು ಒದ್ದಾಡುತ್ತಾಳೆ. ಓಡುತ್ತಾಳೆ, ಅಡಗುತ್ತಾಳೆ, ಬಾಗಿಲಿಗೆ ಕಪಾಟು ಅಡ್ಡ ಎಳೆಯುತ್ತಾಳೆ, ಗನ್ ಸಂಪಾದಿಸುತ್ತಾಳೆ. ಸಾಯುತ್ತಾಳೆ. ಎರಡನೇ ಸಿಡಿಯಲ್ಲಿ, ಒಂದು ಬೆಳಿಗ್ಗೆ, ಸುಸ್ತಾಗಿಯೋ ಏನೋ, ಅಡುಗೆಯವನ ಮುಖ ನೋಡಿ ‘ಕೆಮ್ಮು ಯಾವಾಗಿನಿಂದ?’ ಎಂದು ಕೇಳುತ್ತಾಳೆ. ಚಹಾ ಕುಡಿಯುತ್ತಾಳೆ. ಆಮೇಲೆ ಗುಟ್ಟು ಹೊರಬೀಳುತ್ತದೆ: ದಿನಾ ಬೈಸಿಕೊಂಡ ಅವನು ಸಂಜೆ ಹೊತ್ತಿಗೆ ಸಿಟ್ಟಿನಲ್ಲಿ ತನ್ನ ಗುಡಿಸಲಿಗೆ ಹೋಗಿಬಿಡುತ್ತಿದ್ದ. ಹಿಂಬಾಗಿಲಿನ ಚಿಲಕ ಹಾಕುವವರಿಲ್ಲ, ನಾಯಿಯೂ ಅವನ ಹಿಂದೆಯೇ. ಆ ದಿನ ಅವನು ಉಳಿಯುತ್ತಾನೆ, ಚಿಲಕ ಬೀಳುತ್ತದೆ, ನಾಯಿ ಬೊಗಳುತ್ತದೆ, ಗೋಣಿಯವನು ಸಿಕ್ಕಿಬೀಳುತ್ತಾನೆ.

ಇಂಥವು ಆಮೇಲೆ ಇನ್ನಷ್ಟು ಬಂದವು. ಬಂದವನ್ನೆಲ್ಲ ನಾನು ನೋಡಿದ್ದೇನೆ, ಮಳೆಗಾಲದಲ್ಲಿ ಅಂಗಡಿಯಲ್ಲಿ ಕೂತವನಿಗೆ ಬೇರೆ ಕೆಲಸವೇನು. ಒಂದು ಮಾತು ಹೇಳುತ್ತೇನೆ. ಸುತ್ತಿನಲ್ಲಿ ಸಿಕ್ಕಿಬಿದ್ದವರು ಮೊದಲು ಗಡಿಯಾರವನ್ನು ಬೈಯುತ್ತಾರೆ, ಆಮೇಲೆ ಮಂದಿಯನ್ನು. ಅದಾದ ಮೇಲೆ ಚಾಲಾಕಿಯಾಗುತ್ತಾರೆ. ಯಾರು ಯಾವಾಗ ಎಲ್ಲಿಂದ ಬರುತ್ತಾರೆಂದು ಬಾಯಿಪಾಠ ಮಾಡಿ, ಹೂದಾನಿ ಬೀಳುವ ಮೊದಲೇ ಕೈಯೊಡ್ಡುತ್ತಾರೆ. ಚೌಕಾಸಿ ಮಾಡುವವನಿಗೆ ಬಹಳ ಹಿಡಿಸುವ ಘಟ್ಟ ಇದು, ನನಗಂತೂ ಚಪ್ಪಾಳೆ ತಟ್ಟಬೇಕೆನಿಸುತ್ತದೆ. ಆದರೆ ಅಷ್ಟು ಚಾಲಾಕಿತನದಿಂದಲೂ ಅವರು ಸಾಯುತ್ತಲೇ ಇರುತ್ತಾರೆ. ದಿನ ಬದಲಾಗುವುದಿಲ್ಲ, ಕೊಡಲಿ ಬದಲಾಗುವುದಿಲ್ಲ. ಬದಲಾಗಲು ಉಳಿದಿರುವುದು ಆ ಮನುಷ್ಯನೊಬ್ಬನೇ. ಇದು ತಿಳಿಯಲು ಅವರಿಗೆ ಒಂದು ಸಿಡಿ ಪೂರಾ ಬೇಕು. ನಿಮಗೆ ಬೇಡ. ಮೊದಲನೇ ಬೆಳಗಿನಲ್ಲಿ ನಾಯಕಿ ಯಾರ ಮೇಲೆ ರೇಗುತ್ತಾಳೆ ನೋಡಿಕೊಳ್ಳಿ; ಬಾಗಿಲ ಚಿಲಕ ಅವರ ಕೈಯಲ್ಲೇ ಇರುತ್ತದೆ.

ಈಗ ತಾಂಡೇಲರ ವಿಷಯ. ಮೀನು ಹಿಡಿಯುವ ಬೋಟನ್ನು ನಡೆಸುವ ಮುಖಂಡನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಮಳೆಗಾಲದಲ್ಲಿ ಬೋಟುಗಳಿಗೆ ಕಡಲು ಬಂದ್. ಬಲೆ ಹೆಣೆದು ಬೇಸರ ಬಂದ ಮೇಲೆ ಅವರಿಗೆಲ್ಲ ನನ್ನ ಅಂಗಡಿಯೇ ಗತಿ. ಸಿಡಿಗಳಿಗೆ ಬೂಷ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಒಂದು ಬಲ್ಬು ಉರಿಸಿಟ್ಟಿರುತ್ತಿದ್ದೆ; ಅದರ ಬಿಸಿಗೆಂದು ಅವರು ಬೆಂಚನ್ನು ಕಪಾಟಿನ ಬದಿಗೇ ಎಳೆದುಕೊಂಡು ಕೂರುತ್ತಿದ್ದರು. ಅವರಲ್ಲೊಬ್ಬರು ಹೊಳೆಯಾಚೆಯ ಈ ತಾಂಡೇಲರು. ದೊಡ್ಡ ಆಳು, ಅದಕ್ಕಿಂತ ದೊಡ್ಡ ಮೀಸೆ. ಬೋಟಿನ ಇಂಜಿನಿನ ಸದ್ದನ್ನು ಮೀರಿ ಕೂಗಿ ಕೂಗಿ, ಒಂದು ಚಹಾ ಹೇಳಿದರೂ ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡುವ ಗಂಟಲು.

ಅವರು ಮೊದಲನೇ ಸಿಡಿಯನ್ನಷ್ಟೇ ಒಯ್ದರು. ಮರುದಿನ ತಂದುಕೊಟ್ಟು, ಅದನ್ನೇ ಮತ್ತೆ ಕೇಳಿದರು.

“ಎರಡನೇದು ಬೇಡ್ವಾ ತಾಂಡೇಲ್ರೆ?”

“ಅದ್ರಲ್ಲಿ ಎಂತ ಇರ್ತದೆ? ಹುಡ್ಗಿ ಉಳ್ಕಂತದೆ. ಉಳ್ಕಣದೇ ಇದ್ರೆ ಎರಡನೇ ಸಿಡಿ ಎಂತಕೆ ಮಾಡ್ತಿದ್ರು? ಹ್ಯಾಂಗೆ ಉಳ್ಕಂತದೆ ಹೇಳಿ ನಾನೇ ಕಂಡುಹಿಡೀತೆ. ಬಾಯಿ ಬಿಟ್ಟು ಹೇಳಿದ್ರೆ, ಶೇಟೇ, ನಿನ್ನ ಕಪಾಟು ಹೊಳೆಲಿ ತೇಲ್ತದೆ ಮತ್ತೆ.”

ಶೇಟು ಎಂದರೆ ನಾನು. ಸಂತೆಯಲ್ಲಿ ಬಾಚಣಿಗೆ ಮಾರುತ್ತಿದ್ದವನು ಮೇಜು ಹಾಕಿ ಕೂತದ್ದಕ್ಕೆ ಅವರು ಕೊಟ್ಟ ಬಿರುದು.

ಅಲ್ಲಿಂದ ಶುರುವಾಯಿತು. ದಿನಾ ಹೊಸದೊಂದು ಉಪಾಯ ತರುವರು. ಕೆರೆಯಲ್ಲಿ ಕಟ್ಟಿದ್ದ ದೋಣಿಯನ್ನು ಯಾಕೆ ಹತ್ತಲಿಲ್ಲ ಎಂಬುದೇ ಅವರ ದೊಡ್ಡ ಆಕ್ಷೇಪ. “ದೋಣಿ ಅದೆ, ಹುಟ್ಟು ಅದೆ, ಗಾಳಿನೂ ಬದಿಯಿಂದ ಬರ್ತದೆ, ಮರ ಅಲ್ಲಾಡೂದು ಕಾಣೂದಿಲ್ವಾ ಅದ್ಕೆ?” ಬೆಂಚಿನ ಮೇಲಿದ್ದವರು ಇಬ್ಭಾಗವಾಗಿ ಜಗಳಕ್ಕೆ ನಿಂತರು. ಕೊನೆ ಗೊತ್ತಿದ್ದವರೂ ಹೇಳುವಂತಿಲ್ಲ, ತಾಂಡೇಲರ ಭಯ. ಹೀಗಾಗಿ ಇಡೀ ಓಣಿಗೆ ಗೊತ್ತಿದ್ದ ಸಂಗತಿಯೊಂದು ಅವರೊಬ್ಬರಿಗೆ ಮಾತ್ರ ಗೊತ್ತಿಲ್ಲದೆ ಉಳಿಯಿತು. ಇದರ ಮಜಾ ನಾವೆಲ್ಲ ಸಾಕಷ್ಟು ಅನುಭವಿಸಿದೆವು.

ಒಂದು ಮಧ್ಯಾಹ್ನ ಅವರ ಹೆಂಡತಿ ಬುಟ್ಟಿ ಹೊತ್ತು ಅಂಗಡಿಗೆ ಬಂದರು. ಬುಟ್ಟಿಯಲ್ಲಿ ಒಣ ಸಿಗಡಿ. ಬೆಂಚಿನಲ್ಲಿದ್ದವರನ್ನು “ಏಳ್ರೋ, ಬಲೆ ತೂತು ಬಿದ್ಕಂಡು ಕೂತದೆ ಅಲ್ಲಿ” ಎಂದು ಎಬ್ಬಿಸಿ ಕಳಿಸಿ, ಬುಟ್ಟಿ ಇಳಿಸಿ ನನ್ನೆದುರು ಕೂತರು.

“ತಮ್ಮಾ, ಇವ್ರು ಆ ಸಿಡಿ ಎಂತಕೆ ನೋಡ್ತರು ಗೊತ್ತಿದ್ಯಾ ನಿಂಗೆ?”

“ಹುಚ್ಚು ಅಕ್ಕಾ. ಮಳೆಗಾಲದ ಹುಚ್ಚು.”

“ಹುಚ್ಚಲ್ಲ. ಹೆದ್ರಿಕೆ.”

ಆಮೇಲೆ ಹೇಳಿದರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬ ಇರುತ್ತದೆ, ಅದು ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ. ಹೋದ ಸಲದ ಮೀನುಗಾರಿಕೆಯ ನಡುವಿನಲ್ಲಿ ತಾಂಡೇಲರು ಬೋಟನ್ನು ಅಲ್ಲಿ ದಾಟಿಸುತ್ತಿದ್ದರು. ಬೋಟಿನ ಎದುರಿನ ತುದಿಯಲ್ಲಿ ನಿಂತು ನೀರು ನೋಡುವವನು ಈ ಅಕ್ಕನ ತಮ್ಮನೇ. ಅವನು ತಿರುಗಿ, ‘ಭಾವಾ, ನೀರಿನ ಬಣ್ಣ ಸಮ ಇಲ್ಲ, ಭರತ ಏರೂವರೆಗೆ ನಿಲ್ವ’ ಎಂದ, ಉಬ್ಬರ ಬರುವವರೆಗೆ ಕಾಯೋಣ ಎಂದು. ಎಲ್ಲ ಆಳುಗಳ ಎದುರು ತಾಂಡೇಲರು ಕೂಗಿದರು, ‘ನಿನ್ನ ಎದ್ರು ನಿಲ್ಸಿದ್ದು ನೀರು ನೋಡೂಕೆ, ತಾಂಡೇಲಕಿ ಮಾಡೂಕಲ್ಲ!’ ಬೋಟು ದಿಬ್ಬಕ್ಕೆ ತಾಗಿ ಮಗ್ಗುಲಾಯಿತು. ದೇವರು ದೊಡ್ಡವನು, ಎಲ್ಲರೂ ದಂಡೆಗೆ ಬಂದರು. ತಮ್ಮನ ಕೈ ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಬೋಟು ರಿಪೇರಿಯಾಯಿತು, ಕೈಯೂ ಕೂಡಿತು. ಆದರೆ ಆಮೇಲೆ ಹೊರಡಬೇಕೆಂದಾಗಲೆಲ್ಲ ತಾಂಡೇಲರು ದಂಡೆಗೆ ಹೋಗಿ ಏನಾದರೊಂದು ನೆಪ ಹಿಡಿದು ಮನೆಗೆ ಬರುವರು. ಒಂದು ದಿನ ಇಂಜಿನಿನ ಸದ್ದು ಸರಿಯಿಲ್ಲ, ಇನ್ನೊಂದು ದಿನ ಬೆಕ್ಕು ಅಡ್ಡ, ಮತ್ತೊಂದು ದಿನ ಹೊಟ್ಟೆನೋವು. ಬೆಳಿಗ್ಗೆ ಎದ್ದು ಹೋಗುವುದು, ಬರುವುದು. ಹಾಗೆಯೇ ಆ ಸಲದ ಉಳಿದ ದಿನಗಳು ಕಳೆದವು.

“ಎದ್ದದ್ದೇ ಏಳೂ ಸಿನಿಮಾ ನಿನ್ನ ಅಂಗಡಿಲಿ ಮಾತ್ರ ಇಲ್ಲ ತಮ್ಮಾ, ನಮ್ಮ ಮನೇಲೂ ಅದೆ,” ಎಂದರು ಅಕ್ಕ. “ನೂಲಹುಣ್ಣಿಮೆಗೆ ಕಡ್ಲಿಗೆ ತೆಂಗಿನಕಾಯಿ ಬಿಟ್ಟಾದ ಮೇಲೂ ಇವ್ರು ಬೋಟು ಹತ್ತದೇ ಹೋದ್ರೆ ಆಳುಗಳೆಲ್ಲ ತದಡಿ ಬಂದರದ ಬೋಟಿಗೆ ಹೋಗ್ತರು. ಮಾತು ಆಗ್ಯದೆ. ನನ್ನ ತಮ್ಮನೂ ಹೋಗ್ತ. ಆಳಿಲ್ಲದ ತಾಂಡೇಲ ಅಂದ್ರೆ ಎಂತ ಹೇಳು? ಮೀಸೆ ಅಷ್ಟೇ.”

“ತಮ್ಮನ ಹತ್ರ ಒಂದು ಮಾತಾಡಿದ್ರೆ ಆತಲ್ಲ?”

“ಇವ್ರು ಆಡೂದಿಲ್ಲ. ಅವ ಬಾಗ್ಲಿಗೆ ಬರೂದಿಲ್ಲ. ಇಬ್ರೂ ನನ್ನ ಹತ್ರ ಹೇಳ್ತರು, ನಾನು ಪೋಸ್ಟು ಹಂಚ್ತೆ.” ಆಮೇಲೆ ಧ್ವನಿ ತಗ್ಗಿಸಿದರು. “ಎರಡನೇ ಸಿಡಿ ನಾ ನೋಡಿದ್ದೆ, ನಮ್ಮ ಪಕ್ಕದ ಮನೇಲಿ. ಹ್ಯಾಂಗಾರೂ ಮಾಡಿ ಅದನ್ನ ಇವ್ರಿಗೆ ತೋರ್ಸು.”

ಕೆಲಸ ಒಪ್ಪಿಕೊಳ್ಳುವ ಮೊದಲು ನಾನು ಬುಟ್ಟಿಯ ಕಡೆ ಒಮ್ಮೆ ನೋಡಿದೆ. ಅಕ್ಕ ಅದನ್ನು ನೋಡಿದರು. “ಬೋಟು ಅಳಿವೆ ದಾಟಿದ್ ಮೇಲೆ,” ಎಂದು ಬುಟ್ಟಿಗೆ ಬಟ್ಟೆ ಮುಚ್ಚಿದರು. ಇಂಥವರ ಹತ್ತಿರ ಚೌಕಾಸಿಗೆ ಹೋಗಬೇಡಿ. ನಾನು ಹೋದೆ, “ವಾಸನೆ ನೋಡೂಕಾದ್ರೂ ಸ್ವಲ್ಪ” ಎಂದೆ. “ವಾಸನೆ ಇಲ್ಲಿವರೆಗೂ ಬರ್ತಾ ಅದೆ, ತಕೋ,” ಎಂದು ಎದ್ದು ಹೋದರು.

ಉಪಾಯಕ್ಕೇನು ಬರ ನನಗೆ? ಮೊದಲನೇ ಸಿಡಿಯ ಕವರಿಗೆ ಎರಡನೇ ಸಿಡಿ ಹಾಕಿ ಕೊಟ್ಟೆ. ಎರಡನೆಯದೂ ಶುರುವಾಗುವುದು ಅದೇ ಗಂಟೆಯಿಂದ, ಅದೇ ಹಾಸಿಗೆಯಿಂದ, ಅದೇ ಕೆಮ್ಮಿನಿಂದ. ಎದ್ದದ್ದೇ ಏಳುವ ಸಿನಿಮಾದಲ್ಲಿ ಇದು ಇವತ್ತಿನ ಏಳುವಿಕೆ, ಇದು ನಾಳೆಯದು ಎಂದು ಯಾರು ಕಂಡುಹಿಡಿಯುತ್ತಾರೆ? ಗೊತ್ತಾಗುವುದರೊಳಗೆ ಕತೆಯೊಳಗೆ ಬಿದ್ದಿರುತ್ತಾರೆ, ಆಮೇಲೆ ಯಾರು ಏಳುತ್ತಾರೆ ಎಂಬುದು ನನ್ನ ಲೆಕ್ಕ.

ಲೆಕ್ಕ ತಪ್ಪಿತು. ಇನ್ನೂ ಊಟದ ಹೊತ್ತಾಗಿರಲಿಲ್ಲ, ಮಳೆಯಲ್ಲೇ ತಾಂಡೇಲರು ಬಂದರು. ಸಿಡಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದರು. ಕಪಾಟು ಹೊಳೆಗೆ ಹೋಯಿತು ಎಂದುಕೊಂಡೆ. ಅವರು ಕೂಗಲಿಲ್ಲ. ಅವರು ಕೂಗದಿದ್ದದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

“ಇದು ಬೇರೆ ಸಿಡಿ,” ಎಂದರು.

“ಹ್ಯಾಂಗೆ ಗೊತ್ತಾತು?”

“ಅದು ಅಡುಗೆಯವ್ನ ಮುಖ ನೋಡ್ತು. ಯಾವತ್ತೂ ನೋಡೂದಿಲ್ಲ ಅದು. ನೋಡ್ದ ಕೂಡ್ಲೆ ನಾ ಬಂದ್ ಮಾಡ್ದೆ.”

ಅಂದರೆ ಅಡುಗೆಯವನ ಮುಖ ನೋಡಿದ್ದನ್ನು ಕಂಡು, ಅವಳು ಬಾಯಿ ತೆರೆಯುವ ಮೊದಲೇ ಇವರು ಪ್ಲೇಯರ್ ನಿಲ್ಲಿಸಿದ್ದರು. ದಿನಾ ನೋಡಿ ನೋಡಿ ಅವರಿಗೆ ಆ ಹುಡುಗಿಯ ಕತ್ತಿನ ತಿರುವೂ ಬಾಯಿಪಾಠವಾಗಿತ್ತು. ಬೆಂಚಿನ ಮೇಲೆ ಕೂತು ಮೀಸೆಯ ನೀರು ಹಿಂಡಿದರು.

“ಶೇಟೇ, ಅದು ಅವ್ನ ಮುಖ ಎಂತಕೆ ನೋಡ್ತು?”

ಓದುಗರೇ, ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಕೇಳದೇ ಇದ್ದರೂ ಸಲಹೆ ಕೊಡುವವನು ನಾನು. ನನ್ನ ಹತ್ತಿರ ಬಸ್ಸಿನ ಟೈಮು ಕೇಳಿದವರಿಗೆ ಯಾವ ಸೀಟಿನಲ್ಲಿ ಕೂರಬೇಕೆಂದೂ ಹೇಳಿ ಕಳಿಸುತ್ತೇನೆ. ಇಲ್ಲಿ ಕೇಳುತ್ತಿದ್ದಾರೆ! ಅಡುಗೆಯವನು, ಚಿಲಕ, ನಾಯಿ, ಮುರಿದ ಕೈ, ಭಾವಮೈದ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಬಹುದಿತ್ತು. ಆದರೆ ಆ ಕ್ಷಣಕ್ಕೆ ಕುಮಟೆಯ ಸಂತೆಯ ಹೆಂಗಸರು ನೆನಪಾದರು. ಸಿಡಿ ಕೊಟ್ಟಾಗಲೇ ಬೆಲೆ ಹೇಳಿಯಾಗಿದೆ. ಇನ್ನು ಮಾತಾಡಿದವನು ಸೋತ.

ನಾನು ಬಟ್ಟೆ ತೆಗೆದುಕೊಂಡು ಸಿಡಿ ಒರೆಸತೊಡಗಿದೆ. ಒಂದು ಒರೆಸಿ ಇನ್ನೊಂದು. ಸ್ವಚ್ಛವಿದ್ದುದನ್ನೂ ಒರೆಸಿದೆ.

“ಗೊತ್ತಿಲ್ವಾ ನಿಂಗೆ?”

ಒರೆಸಿದೆ.

“ಗೊತ್ತದೆ. ಹೇಳೂದಿಲ್ಲ. ನಾನೇ ಹೇಳ್ಬೇಡ ಅಂದಿದ್ದೆ ಅಲ್ದಾ?” ಎಂದು, ಮೇಜಿನ ಮೇಲಿದ್ದ ಮೊದಲನೇ ಸಿಡಿಯನ್ನು ತಾವೇ ಎತ್ತಿಕೊಂಡು ಎದ್ದರು. ಹೊರಗೆ ಮಳೆಯಲ್ಲಿ ಇಳಿದವರು ತಿರುಗಿ, ತಮಗೆ ತಾವೇ ಎಂಬಂತೆ, “ಅವ್ನಿಗೆ ಮೊದ್ಲಿಂದಲೂ ಗೊತ್ತಿತ್ತೇನ ಮಾರಾಯಾ... ಕೊಡ್ಲಿ ಎಲ್ಲಿಂದ ಬರ್ತದೆ ಹೇಳಿ,” ಎಂದರು. ಆಗಲೂ ನಾನು ಹೂಂ ಎನ್ನಲಿಲ್ಲ. ನನ್ನ ಜೀವಮಾನದ ಅತಿ ಕಷ್ಟದ ಚೌಕಾಸಿ ಅದು. ಎದುರಿಗಿದ್ದವನಿಗೆ ತಾನು ಚೌಕಾಸಿ ಮಾಡುತ್ತಿದ್ದೇನೆಂಬುದೇ ಗೊತ್ತಿರಲಿಲ್ಲ.

ಆಮೇಲೆ ಅವರು ಅಂಗಡಿಗೆ ಬರಲಿಲ್ಲ. ಹುಣ್ಣಿಮೆ ಬಂತು. ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಬಿಟ್ಟಾಯಿತು. ಬೋಟುಗಳು ಹೊರಡುವ ಬೆಳಿಗ್ಗೆ ನಾನೂ ಹೊಳೆ ದಾಟಿ ದಂಡೆಗೆ ಹೋದೆ. ಮೊದಲನೇ ಸಿಡಿ ಇನ್ನೂ ಅವರ ಮನೆಯಲ್ಲಿದೆ, ಅದನ್ನು ಇಸಿದುಕೊಳ್ಳಲು ಬಂದೆ ಎಂಬುದು ನೆಪ. ನೆಪ ಹುಡುಕುವುದರಲ್ಲಿ ತಾಂಡೇಲರೊಬ್ಬರೇ ಜಾಣರಲ್ಲ.

ಬೇರೆ ಬೋಟುಗಳಲ್ಲಿ ಇಂಜಿನ್ ಶುರುವಾಗಿತ್ತು. ನಮ್ಮ ತಾಂಡೇಲರ ಬೋಟಿನಲ್ಲಿ ಆಳುಗಳು ಬಲೆ ತುಂಬಿ, ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಎದುರಿನ ತುದಿಯಲ್ಲಿ ಭಾವಮೈದ, ಬೆನ್ನು ತಿರುಗಿಸಿ. ತಾಂಡೇಲರು ಹತ್ತಿದರು. ಇಂಜಿನಿನ ಹತ್ತಿರ ಬಗ್ಗಿ ಕಿವಿಗೊಟ್ಟರು. ದಂಡೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅಕ್ಕ ನನ್ನ ಕಡೆ ನೋಡಿದರು. ಇಂಜಿನಿನ ಸದ್ದೇ ಮೊದಲ ನೆಪ ಎಂದು ಇಬ್ಬರಿಗೂ ಗೊತ್ತಿತ್ತು.

“ಸದ್ದು...” ಎಂದರು ತಾಂಡೇಲರು.

ಆಳುಗಳಲ್ಲೊಬ್ಬ ನಿಟ್ಟುಸಿರು ಬಿಟ್ಟು ತನ್ನ ಗಂಟು ಎತ್ತಿಕೊಂಡ. ತದಡಿಗೆ ಹೋಗುವ ಗಂಟು.

ತಾಂಡೇಲರು ಆ ಗಂಟನ್ನು ನೋಡಿದರು. ಆಮೇಲೆ ಬಲೆ ದಾಟಿ, ಹಗ್ಗ ದಾಟಿ, ಬೋಟಿನ ಎದುರಿನ ತುದಿಗೆ ಹೋಗಿ, ಭಾವಮೈದನ ಮಗ್ಗುಲಲ್ಲಿ ನಿಂತು, ಕತ್ತು ತಿರುಗಿಸಿ ಅವನ ಮುಖ ನೋಡಿದರು. ಸಿನಿಮಾದ ಹುಡುಗಿಯದೇ ತಿರುವು, ಮೀಸೆ ಒಂದು ಹೆಚ್ಚು.

“ಕೈ ಹ್ಯಾಂಗದೆ?”

ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ. “ಮಳೆ ಬಂದ್ರೆ ನೋಯ್ತದೆ.”

“ನೀರು ಹ್ಯಾಂಗೆ ಕಾಣ್ತದೆ?”

“ನನ್ನ ಎದ್ರು ನಿಲ್ಸಿದ್ದು ನೀರು ನೋಡೂಕೆ ಭಾವಾ,” ಎಂದ ಅವನು, ದಂಡೆಯವರಿಗೆಲ್ಲ ಕೇಳುವಷ್ಟು ಜೋರಾಗಿ. “ತಾಂಡೇಲಕಿ ಮಾಡೂಕಲ್ಲ.”

ಆಳುಗಳೆಲ್ಲ ಬಲೆಯ ಗಂಟು ಪರೀಕ್ಷಿಸತೊಡಗಿದರು. ತಾಂಡೇಲರ ಮೀಸೆ ಒಮ್ಮೆ ಅಲುಗಿತು. ಆ ಗಂಟಲು ಈಗ ಸಿಡಿಯುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಹೌದು,” ಎಂದರು ಅವರು. “ಅದ್ಕೇ ಕೇಳ್ತೆ. ನೋಡಿ ಹೇಳು. ನೀ ಹೇಳಿದಾಗ ಹೋಪ.”

ಭಾವಮೈದ ಅಳಿವೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದ. “ಈಗ ಬ್ಯಾಡ. ಭರತ ಏರ್ಲಿ.”

“ಆತು.”

ಬೇರೆ ಬೋಟುಗಳಲ್ಲೂ ಕೆಲವು ಕಾದವು, ಕೆಲವು ಹೊರಟವು. ನಮ್ಮದು ನಿಂತಿತು. ಭಾವಮೈದನಿಗೆ ಆವತ್ತು ಸಿಕ್ಕ ಅಧಿಕಾರ ಸಣ್ಣದಲ್ಲ, ಅವನು ಅದನ್ನು ಸರಿಯಾಗಿ ಉಪಯೋಗಿಸಿದ. ಮೊದಲು ಚಹಾ ಬೇಕೆಂದ. ದಂಡೆಯ ಹೋಟೆಲಿನಿಂದ ಚಹಾ ಬಂತು. ಆರಿದೆ ಎಂದು ವಾಪಸು ಕಳಿಸಿದ. ಆಮೇಲೆ ಎಲೆ ಅಡಿಕೆ ಬೇಕೆಂದ. ನೀರು ನೋಡಿ ನೋಡಿ ಕಣ್ಣು ಉರಿಯುತ್ತದೆ ಎಂದು ಸ್ವಲ್ಪ ಮಲಗಿದ. ಬೇರೆ ದಿನವಾಗಿದ್ದರೆ ಎತ್ತಿ ನೀರಿಗೆ ಹಾಕುತ್ತಿದ್ದ ತಾಂಡೇಲರು ಬಲೆಯ ಮೇಲೆ ಕೂತು ಹಲ್ಲು ಕಚ್ಚಿಕೊಂಡು ಕಾದರು. “ಭಾವಾ, ಸಿಟ್ಟು ಬರ್ತದ್ಯಾ?” ಎಂದು ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. “ಎಂತದೂ ಇಲ್ಲ, ನೀ ಮಲ್ಗು ಮಹಾರಾಜಾ,” ಎಂದರು ಅವರು. ದಂಡೆಯ ಮೇಲಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅವನು ತಟ್ಟನೆ ಎದ್ದು ಕೂತ. ಮುಖದ ತುಂಟತನ ಹೋಗಿತ್ತು. “ಹಾಂ. ಈಗ.”

ಇಂಜಿನ್ ಶುರುವಾಯಿತು. ಅದರ ಸದ್ದಿನ ಬಗ್ಗೆ ಯಾರೂ ಮಾತಾಡಲಿಲ್ಲ. ಬೋಟು ಅಳಿವೆಯ ಹತ್ತಿರ ಹೋದಂತೆ ನಗು ನಿಂತಿತು. ಅಕ್ಕ ಬುಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಎದುರಿನ ತುದಿಯಲ್ಲಿ ನಿಂತವನ ಕೈ ಎಡಕ್ಕೆ ಚಾಚಿತು. ಬೋಟು ಎಡಕ್ಕೆ ಹೊರಳಿತು. ಕೈ ನೆಟ್ಟಗಾಯಿತು, ಬೋಟೂ ನೆಟ್ಟಗಾಯಿತು. ಮುರಿದು ಕೂಡಿದ್ದ ಕೈಯೇ ಅದು. ಒಂದು ದೊಡ್ಡ ಅಲೆಗೆ ಬೋಟಿನ ಮೂತಿ ಎದ್ದು, ನಮಗೆ ಅಡಿಭಾಗದ ಹೊಸ ಬಣ್ಣ ಕಂಡು, ಮತ್ತೆ ಇಳಿಯಿತು. ಅಷ್ಟೇ. ಅದು ಕಡಲಿನಲ್ಲಿತ್ತು.

ಅಕ್ಕ ಮೂಗು ಒರೆಸಿಕೊಂಡು ಬುಟ್ಟಿಯ ಬಟ್ಟೆ ಸರಿಸಿದರು. ನನ್ನ ಅಂಗೈ ತುಂಬುವಷ್ಟು ಸಿಗಡಿ ಹಾಕಿ ಮತ್ತೆ ಮುಚ್ಚಿದರು.

“ಇಷ್ಟೇಯಾ ಅಕ್ಕಾ? ಮಾತು ಬುಟ್ಟಿದು ಆಗಿತ್ತು.”

“ಮಾತು ಆದದ್ದು ಸಿಡಿ ತೋರ್ಸೂಕೆ. ನೀ ತೋರ್ಸಿದ್ದು ಒಂದು ಕ್ಷಣ. ಅದ್ಕೆ ಇಷ್ಟು ಹೆಚ್ಚೇ ಆತು.”

ಕೊಸರಾದರೂ ಕೊಡಿ ಎಂದೆ. ನಗುತ್ತ ಇನ್ನೆರಡು ಸಿಗಡಿ ಇಟ್ಟರು.

ತಾಂಡೇಲರು ಎರಡನೇ ಸಿಡಿಯನ್ನು ಕೊನೆಗೂ ನೋಡಲಿಲ್ಲ. ಕೆಲವು ದಿನ ಬಿಟ್ಟು ಮೊದಲನೆಯದನ್ನು ವಾಪಸು ಕೊಡಲು ಬಂದಾಗ, ಬೆಂಚಿನ ಮೇಲೆ ಕೂತು, ಓಣಿಯೆಲ್ಲ ಕೇಳುವಂತೆ ತಾವು ಕಂಡುಹಿಡಿದ ಕೊನೆಯನ್ನು ಸಾರಿದರು: ಅಡುಗೆಯವನಿಗೆ ಕೆರೆಯ ನೀರು ಗೊತ್ತು. ಹುಡುಗಿ ಅವನನ್ನು ದೋಣಿಯ ಎದುರಿನ ತುದಿಯಲ್ಲಿ ಕೂರಿಸುತ್ತಾಳೆ. ಅವನು ಕೈ ತೋರಿಸುತ್ತಾನೆ, ಅವಳು ಹುಟ್ಟು ಹಾಕುತ್ತಾಳೆ, ಇಬ್ಬರೂ ದಾಟುತ್ತಾರೆ. ಗೋಣಿಯವನು ಈಜು ಬಾರದೆ ದಂಡೆಯಲ್ಲೇ ನಿಲ್ಲುತ್ತಾನೆ.

“ಹೌದಾ ಅಲ್ದಾ ಹೇಳು ಶೇಟೇ!”

ಬೆಂಚಿನ ಮೇಲಿದ್ದವರೆಲ್ಲ ನನ್ನ ಬಾಯಿಯನ್ನೇ ನೋಡಿದರು. ನಾಯಿ, ಚಿಲಕ ಎಲ್ಲ ಮತ್ತೆ ನಾಲಿಗೆಯ ತುದಿಗೆ ಬಂದು ನಿಂತವು.

“ಅಕ್ಷರಕ್ಕೆ ಅಕ್ಷರ ಹೌದು ತಾಂಡೇಲ್ರೆ,” ಎಂದೆ, ಎರಡನೇ ಸಿಡಿಯನ್ನು ಮೇಜಿನ ಕೆಳಗೆ ಸರಿಸುತ್ತ. “ಆದ್ರೆ ಅಡುಗೆಯವ ಹೊರಡೂ ಮೊದ್ಲು ಎರಡು ಸಲ ಚಾ ಕೇಳ್ತ.”

“ಕೇಳ್ತ!” ಎಂದರು ತಾಂಡೇಲರು ಮೇಜು ಗುದ್ದಿ. “ಆ ನಮೂನೆಯವ್ರು ಕೇಳದೇ ಇರ್ತರಾ?”